ಪಾದ್ರಿಗಳ ಶಾಲೆಯಲ್ಲಿ ಮೇಷ್ಟ್ರುಗಳ ಸಂಘ

ಈಸ್ಟರ್ ರಜೆ ಬಂತೆಂದರೆ ಐರ್ಲೆಂಡಿನ ಶಿಕ್ಷಣ ಸಚಿವರಿಗೆ ಮಾತ್ರ ರಜೆ ಇರುವುದಿಲ್ಲ. ದೇಶದ ಮೂರು ದೊಡ್ಡ ಶಿಕ್ಷಕ ಸಂಘಗಳು ಅದೇ ವಾರ ಬೇರೆ ಬೇರೆ ಊರುಗಳಲ್ಲಿ ವಾರ್ಷಿಕ ಸಮಾವೇಶ ಇಟ್ಟುಕೊಳ್ಳುತ್ತವೆ. ಸಚಿವರು ಒಂದೊಂದಕ್ಕೂ ಹೋಗಿ ವೇದಿಕೆ ಹತ್ತಿ ಮಾತಾಡಬೇಕು. ಕೆಲವು ವರ್ಷ ಸಭಿಕರಿಂದ ಕೂಗಾಟ, ಕೆಲವು ವರ್ಷ ತುಟಿ ಬಿಚ್ಚದೆ ಎತ್ತಿ ಹಿಡಿದ ಫಲಕಗಳು. ಆ ಮೂರು ದಿನ ಪತ್ರಿಕೆಗಳ ಮುಖಪುಟದಲ್ಲಿ ಸಂಬಳ, ಪರೀಕ್ಷೆ, ಪಠ್ಯಕ್ರಮಗಳದ್ದೇ ಸುದ್ದಿ.

ಮೂರರಲ್ಲಿ ಹಿರಿಯದು 1868ರಲ್ಲಿ ಹುಟ್ಟಿದ ಪ್ರಾಥಮಿಕ ಶಿಕ್ಷಕರ ಸಂಘ. ಇನ್ನೊಂದು ವೃತ್ತಿಶಿಕ್ಷಣ ಶಾಲೆಗಳ ಬಳಗದಿಂದ ಬೆಳೆದ ಟಿಯುಐ. ಮೂರನೆಯದು ಪ್ರೌಢಶಾಲಾ ಶಿಕ್ಷಕರ ಎಎಸ್‌ಟಿಐ. ಅದು ಹುಟ್ಟಿದ್ದು 1909ರಲ್ಲಿ. ಇಂದು ಅದರಲ್ಲಿ ಸುಮಾರು 20,000 ಸದಸ್ಯರಿದ್ದಾರೆ. ಡಬ್ಲಿನ್ನಿನ ವೈನ್‌ಟಾವರ್ನ್ ಬೀದಿಯಲ್ಲಿರುವ ಅದರ ಕೇಂದ್ರ ಕಚೇರಿಗೆ ಥಾಮಸ್ ಮ್ಯಾಕ್‌ಡೊನಾ ಭವನ ಎಂದು ಹೆಸರು. ಸಂಬಳದ ಚೌಕಾಸಿ ಮಾಡುವ ಕಾರ್ಮಿಕ ಸಂಘವೂ ಅದೇ, ಪಾಠ-ಪರೀಕ್ಷೆಗಳ ಬಗ್ಗೆ ಅಭಿಪ್ರಾಯ ಹೇಳುವ ವೃತ್ತಿ ಸಂಘವೂ ಅದೇ. ಈ ಎರಡು ಕೆಲಸ ಒಂದೇ ಸೂರಿನಡಿ ಹೇಗೆ ನಡೆಯುತ್ತದೆ ಎಂದು ಅನುಮಾನಪಡುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಈ ಸಂಘದ ನೂರಕ್ಕೂ ಹೆಚ್ಚು ವರ್ಷಗಳ ಕಥೆ ಅದನ್ನೇ ಹೇಳುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರ್ಲೆಂಡ್ ಬ್ರಿಟಿಷ್ ಆಡಳಿತದಲ್ಲಿತ್ತು. ಬಹುಪಾಲು ಪ್ರೌಢಶಾಲೆಗಳು ಕ್ಯಾಥೊಲಿಕ್ ಪಾದ್ರಿಗಳು, ಬ್ರದರ್‌ಗಳು, ಸನ್ಯಾಸಿನಿಯರ ಕೈಯಲ್ಲಿದ್ದವು. ಸರ್ಕಾರ ಶಾಲೆ ಕಟ್ಟಲೂ ಇಲ್ಲ, ಮೇಷ್ಟ್ರಿಗೆ ಸಂಬಳ ಕೊಡಲೂ ಇಲ್ಲ. 1878ರ ಕಾಯಿದೆಯ ಪ್ರಕಾರ, ಸರ್ಕಾರಿ ಮನ್ನಣೆ ಕಳೆದುಕೊಂಡ ಪ್ರಾಟೆಸ್ಟಂಟ್ ಚರ್ಚಿನ ಆಸ್ತಿಯಿಂದ ಬಂದ 10 ಲಕ್ಷ ಪೌಂಡನ್ನು ನಿಧಿಯಾಗಿಟ್ಟು, ಅದರ ಆದಾಯದಲ್ಲಿ ದೇಶಕ್ಕೆಲ್ಲ ಒಂದು ಪರೀಕ್ಷೆ ನಡೆಸಲಾಗುತ್ತಿತ್ತು. ಎಷ್ಟು ಮಕ್ಕಳು ಹೇಗೆ ಪಾಸಾದರು ಎಂಬುದರ ಮೇಲೆ ಶಾಲೆಗೆ ಹಣ. ಆ ಹಣ ಹೋಗುತ್ತಿದ್ದುದು ಆಡಳಿತ ಮಂಡಳಿಗೆ, ಪಾಠ ಮಾಡಿದ ಮೇಷ್ಟ್ರಿಗಲ್ಲ.

ಪಾದ್ರಿಯಲ್ಲದ ಸಾಮಾನ್ಯ ಗೃಹಸ್ಥ ಶಿಕ್ಷಕನ ಪಾಡು ಇಲ್ಲೇ ತಿಳಿಯುತ್ತದೆ. ಮಠಕ್ಕೆ ಹೊಸದಾಗಿ ಓದಿದ ಪಾದ್ರಿಯೊಬ್ಬ ಬಂದರೆ ಇವನ ಜಾಗ ಹೋಯಿತು. ವೇತನಶ್ರೇಣಿ ಇಲ್ಲ, ವರ್ಷದ ಬಡ್ತಿ ಇಲ್ಲ, ನಿವೃತ್ತಿ ವೇತನ ಇಲ್ಲ. ಮುಖ್ಯೋಪಾಧ್ಯಾಯನಾಗುವ ಮಾತಂತೂ ದೂರ. ಆ ಕುರ್ಚಿ ಧರ್ಮಸಂಸ್ಥೆಯವರಿಗೇ ಮೀಸಲು, ಬಹುಮಟ್ಟಿಗೆ 1970ರ ದಶಕದವರೆಗೂ ಹಾಗೇ ನಡೆಯಿತು. ಪರೀಕ್ಷೆಯ ಫಲಿತಾಂಶ ತರುವ ಹೊಣೆ ಮಾತ್ರ ಪೂರ್ತಿ ಅವನದು.

ಕಾರ್ಕ್ ಜಿಲ್ಲೆಯ ಫರ್ಮಾಯ್ ಎಂಬ ಸಣ್ಣ ಊರಿನ ಸೇಂಟ್ ಕೋಲ್ಮನ್ಸ್ ಕಾಲೇಜಿನಲ್ಲಿ ಅಂಥ ಮೇಷ್ಟ್ರುಗಳ ಒಂದು ಗುಂಪಿತ್ತು, ಸಂಘದ ಬೀಜ ಬಿತ್ತಿದ್ದು ಅದೇ. ಹೆಸರಿಗೆ ಕಾಲೇಜಾದರೂ ಅದು ಪ್ರೌಢಶಾಲೆ. ಅಲ್ಲಿ 1903ರಿಂದ 1908ರವರೆಗೆ ಪಾಠ ಮಾಡಿದವನು ಥಾಮಸ್ ಮ್ಯಾಕ್‌ಡೊನಾ. ಕವಿ, ನಾಟಕಕಾರ, ಐರಿಷ್ ಭಾಷೆಯ ಹುಚ್ಚು ಹಚ್ಚಿಕೊಂಡಿದ್ದವನು. ಎಎಸ್‌ಟಿಐ ಸ್ಥಾಪಕ ಸದಸ್ಯರಲ್ಲಿ ಅವನೂ ಒಬ್ಬ. 1908ರಲ್ಲಿ ಅವನು ಡಬ್ಲಿನ್ನಿಗೆ ಹೋಗಿ ಪ್ಯಾಟ್ರಿಕ್ ಪಿಯರ್ಸ್ ಕಟ್ಟಿದ ಸೇಂಟ್ ಎಂಡಾಸ್ ಶಾಲೆಗೆ ಸೇರಿದ, ಮುಂದೆ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕನಾದ. 1916ರ ಈಸ್ಟರ್ ದಂಗೆಯಲ್ಲಿ ಗಣರಾಜ್ಯದ ಘೋಷಣೆಗೆ ಸಹಿ ಹಾಕಿದ ಏಳು ಮಂದಿಯಲ್ಲಿ ಒಬ್ಬನಾಗಿ, ಮೇ 3ರ ಬೆಳಗ್ಗೆ ಕಿಲ್ಮೈನಮ್ ಜೈಲಿನಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದ. ಸಂಘದ ಭವನಕ್ಕೆ ಅವನ ಹೆಸರು ಬಂದದ್ದು ಹೀಗೆ.

ಈ ಕಥೆಯ ಒಂದು ಎಳೆ ನಮ್ಮವರೆಗೂ ಬರುತ್ತದೆ. ಮ್ಯಾಕ್‌ಡೊನಾ ಡಬ್ಲಿನ್ನಿನಲ್ಲಿ ಕಲಿಸುತ್ತಿದ್ದ ದಿನಗಳಲ್ಲಿ ಅವನ ತರಗತಿಯಲ್ಲಿ ಕೂತಿದ್ದ ಭಾರತೀಯ ವಿದ್ಯಾರ್ಥಿಗಳಲ್ಲಿ ಬರಂಪುರದ ಒಬ್ಬ ಯುವಕನಿದ್ದ. ಕಾನೂನು ಓದಲು 1913ರಲ್ಲಿ ಅಲ್ಲಿಗೆ ಹೋಗಿದ್ದ ಅವನು, ದಂಗೆಯ ನಂತರ ಪೊಲೀಸರ ಅನುಮಾನಕ್ಕೆ ಗುರಿಯಾಗಿ 1916ರಲ್ಲಿ ಐರ್ಲೆಂಡ್ ಬಿಡಬೇಕಾಯಿತು. ಊರಿಗೆ ಬಂದು ರೈಲ್ವೆ ಕಾರ್ಮಿಕರನ್ನು ಸಂಘಟಿಸಿದ, ಎಐಟಿಯುಸಿ ಅಧ್ಯಕ್ಷನಾದ. ಅವರೇ ವಿ.ವಿ. ಗಿರಿ. 1965ರಿಂದ 1967ರವರೆಗೆ ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು, ಆಮೇಲೆ ರಾಷ್ಟ್ರಪತಿಯಾದರು. ಶಿಕ್ಷಕರ ಸಂಘ ಕಟ್ಟಿದ ಒಬ್ಬ ಮೇಷ್ಟ್ರ ಶಿಷ್ಯ ಭಾರತದ ಕಾರ್ಮಿಕ ಚಳವಳಿಯ ಹಿರಿಯನಾದದ್ದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಸಂಘ ಹುಟ್ಟಿದ ಮೊದಲ ಇಪ್ಪತ್ತು ವರ್ಷ ಮಾಡಿದ್ದು ಬುನಾದಿಯ ಕೆಲಸ. 1914ರ ಕಾಯಿದೆಯಿಂದ ಗೃಹಸ್ಥ ಶಿಕ್ಷಕರ ಸಂಬಳಕ್ಕೆಂದೇ ವರ್ಷಕ್ಕೆ 40,000 ಪೌಂಡ್ ಅನುದಾನ ಬಂತು. 1918ರಲ್ಲಿ ಅರ್ಹ ಶಿಕ್ಷಕರ ನೋಂದಣಿ ಪಟ್ಟಿ ಜಾರಿಗೆ ಬಂತು. ಯಾರನ್ನು ಬೇಕಾದರೂ ತಂದು ತರಗತಿಗೆ ನಿಲ್ಲಿಸುವ ಹಾಗಿಲ್ಲ ಎಂಬ ಈ ಬೇಡಿಕೆ ಮೇಲ್ನೋಟಕ್ಕೆ ಮೇಷ್ಟ್ರ ಹಿತದ್ದು, ಆದರೆ ಲಾಭವಾದದ್ದು ಮಗುವಿಗೆ. 1920ರಲ್ಲಿ ಸಂಬಳಕ್ಕಾಗಿ ಮುಷ್ಕರವೂ ಆಯಿತು. ಸ್ವತಂತ್ರ ಸರ್ಕಾರ ಬಂದ ಮೇಲೆ, 1924ರಲ್ಲಿ, ಫಲಿತಾಂಶಕ್ಕೆ ಹಣ ಕೊಡುವ ಪದ್ಧತಿ ನಿಂತಿತು. ಮೂಲ ಸಂಬಳ ಶಾಲೆಯದು, ಮೇಲಿನ ವಾರ್ಷಿಕ ಬಡ್ತಿಯ ಹಣ ಸರ್ಕಾರದ್ದು ಎಂಬ ವ್ಯವಸ್ಥೆ ಆಯಿತು. 1929ರಲ್ಲಿ ಪಿಂಚಣಿ ಯೋಜನೆ ಬಂತು.

ಕಟ್ಟಡ ಖಾಸಗಿಯವರದು, ನೇಮಕಾತಿ ಖಾಸಗಿಯವರದು, ಸಂಬಳ ಸರ್ಕಾರದ್ದು. ಇದನ್ನು ಓದುವಾಗ ನಮ್ಮ ಅನುದಾನಿತ ಪ್ರೌಢಶಾಲೆಗಳಲ್ಲಿ ಸೇವೆ ಸಲ್ಲಿಸಿದವರಿಗೆ ಬೇರೆ ವಿವರಣೆ ಬೇಡ. ಮಠ, ಮಿಷನ್, ಟ್ರಸ್ಟುಗಳು ಕಟ್ಟಿದ ಶಾಲೆಗಳಿಂದಲೇ ಕರ್ನಾಟಕದ ಹಳ್ಳಿ-ಪಟ್ಟಣಗಳಿಗೆ ಹೈಸ್ಕೂಲು ಬಂದದ್ದು. ಆ ಉಪಕಾರವನ್ನು ಮರೆಯುವಂತಿಲ್ಲ. ಹಾಗೆಯೇ ಆಡಳಿತ ಮಂಡಳಿಯ ಕಾರ್ಯದರ್ಶಿಯ ಮುಖ ನೋಡಿ ನಡೆಯಬೇಕಾದ ಮೇಷ್ಟ್ರ ಸಂಕಟವನ್ನೂ ಮರೆಯುವಂತಿಲ್ಲ. ನಮ್ಮ ಸಂವಿಧಾನದ 171ನೇ ವಿಧಿ ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲು ಸ್ಥಾನಗಳನ್ನು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಹಂತದ ಶಿಕ್ಷಕರು ಆರಿಸುವಂತೆ ಮಾಡಿದೆ. ಕರ್ನಾಟಕದಲ್ಲಿ ಅಂಥ ಸ್ಥಾನಗಳು 7. ಐರ್ಲೆಂಡಿನ ಮೇಷ್ಟ್ರಿಗೆ ಅಂಥ ಬಾಗಿಲಿಲ್ಲ. ಅವರಿಗೆ ಇದ್ದದ್ದು ಸಂಘವೊಂದೇ.

ಧರ್ಮಸಂಸ್ಥೆಯ ಶಾಲೆಯಲ್ಲಿ ಕೆಲಸ ಮಾಡುವುದೆಂದರೆ ಏನೆಂದು ದೇಶಕ್ಕೆಲ್ಲ ಗೊತ್ತಾದದ್ದು 1982ರಲ್ಲಿ. ನ್ಯೂ ರಾಸ್ ಎಂಬ ಊರಿನ ಕಾನ್ವೆಂಟ್ ಶಾಲೆಯೊಂದು, ಹೆಂಡತಿಯಿಂದ ದೂರವಾಗಿದ್ದ ವಿವಾಹಿತನೊಂದಿಗೆ ಬಾಳುತ್ತಿದ್ದಾಳೆಂಬ ಕಾರಣಕ್ಕೆ ಶಿಕ್ಷಕಿಯೊಬ್ಬಳನ್ನು ಕೆಲಸದಿಂದ ತೆಗೆಯಿತು. ಆಗ ಐರ್ಲೆಂಡಿನಲ್ಲಿ ವಿಚ್ಛೇದನಕ್ಕೆ ಅವಕಾಶವೇ ಇರಲಿಲ್ಲ. ಆಕೆಯ ಪಾಠದ ಬಗ್ಗೆ ಯಾರೂ ದೂರಿರಲಿಲ್ಲ. ಆದರೂ 1985ರಲ್ಲಿ ಹೈಕೋರ್ಟು ಶಾಲೆಯ ಪರವಾಗಿಯೇ ತೀರ್ಪು ಕೊಟ್ಟಿತು. ಸಂಸ್ಥೆಯ ಧಾರ್ಮಿಕ ಸ್ವರೂಪ ಕಾಪಾಡುವ ಹೆಸರಿನಲ್ಲಿ ಶಿಕ್ಷಕರ ಖಾಸಗಿ ಬದುಕಿಗೆ ಕೈಹಾಕಲು ಬಿಡುತ್ತಿದ್ದ ಕಾನೂನಿನ ವಿನಾಯಿತಿ ಬಿಗಿಯಾದದ್ದು 2015ರ ತಿದ್ದುಪಡಿಯಲ್ಲಿ. ಮೂವತ್ತು ವರ್ಷ ಬೇಕಾಯಿತು.

1966ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಸಚಿವ ಡೊನಾ ಓಮ್ಯಾಲಿ ಪ್ರೌಢಶಿಕ್ಷಣ ಉಚಿತ ಎಂದು ಘೋಷಿಸಿದ್ದು ಶಾಲೆಗಳ ಚಿತ್ರವನ್ನೇ ಬದಲಿಸಿತು. ಮರುವರ್ಷದಿಂದ ರೈತರ, ಕೂಲಿಕಾರರ ಮಕ್ಕಳು ತಂಡತಂಡವಾಗಿ ಬಂದರು. ಅಷ್ಟು ಮಕ್ಕಳಿಗೆ ಪಾಠ ಮಾಡಲು ಪಾದ್ರಿಗಳೂ ಸನ್ಯಾಸಿನಿಯರೂ ಸಾಲಲಿಲ್ಲ, ಗೃಹಸ್ಥ ಶಿಕ್ಷಕರೇ ಬಹುಸಂಖ್ಯಾತರಾದರು. ಸಂಘದ ಬಲ ಹೆಚ್ಚಿತು.

ಆ ಬಲವನ್ನು ಮೊದಲು ಬಳಸಿದ ರೀತಿ ನನಗೆ ಅಷ್ಟು ಹಿಡಿಸುವುದಿಲ್ಲ. ಪ್ರಾಥಮಿಕದಿಂದ ಪ್ರೌಢಶಾಲೆಯವರೆಗೆ ಎಲ್ಲ ಶಿಕ್ಷಕರಿಗೂ ಒಂದೇ ಮೂಲ ವೇತನಶ್ರೇಣಿ ಇರಲಿ, ಪದವಿಗೆ ಬೇರೆ ಭತ್ಯೆ ಕೊಡೋಣ ಎಂದು 1968ರಲ್ಲಿ ರಯಾನ್ ನ್ಯಾಯಮಂಡಳಿ ಶಿಫಾರಸು ಮಾಡಿತು. ಎಎಸ್‌ಟಿಐ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಶಾಲೆಗಳು ಮುಚ್ಚಿದವು. ಪ್ರಾಥಮಿಕ ಶಾಲೆಯ ಮೇಷ್ಟ್ರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕೆಂಬ ಹಟ ಆ ಹೋರಾಟದೊಳಗಿತ್ತು. ಅಕ್ಷರ ಕಲಿಸಿದವರನ್ನು ಕೆಳಗಿಟ್ಟು ಗಳಿಸುವ ಗೌರವ ಗೌರವವಲ್ಲ. ಕೊನೆಗೆ ಒಂದೇ ಶ್ರೇಣಿಯೇ ನಿಂತಿತು, ಇಂದಿಗೂ ಮೂರೂ ಸಂಘಗಳ ಸದಸ್ಯರು ಅದರಲ್ಲೇ ಇದ್ದಾರೆ.

ಇನ್ನೊಂದು ದೊಡ್ಡ ಹೋರಾಟ 2000-01ರದ್ದು. ದೇಶದ ಆರ್ಥಿಕತೆ ಉಬ್ಬಿದ ಕಾಲ, ಡಬ್ಲಿನ್ನಿನಲ್ಲಿ ಮನೆಯ ಬೆಲೆ ಮೇಷ್ಟ್ರ ಕೈಗೆ ಎಟುಕದಂತೆ ಏರಿತ್ತು. ಎಎಸ್‌ಟಿಐ ಶೇ 30ರಷ್ಟು ಹೆಚ್ಚಳ ಕೇಳಿತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂತು ಸಂಬಳ ನಿಗದಿ ಮಾಡುತ್ತಿದ್ದ ರಾಷ್ಟ್ರೀಯ ಒಪ್ಪಂದಕ್ಕೆ ಕಟ್ಟುಬೀಳಬಾರದೆಂದು, 2000ದಲ್ಲಿ ಅದು ಕಾರ್ಮಿಕ ಸಂಘಗಳ ಒಕ್ಕೂಟದಿಂದಲೇ ಹೊರಬಂತು. ಮುಷ್ಕರದ ದಿನಗಳು ನಡೆದವು, ಸಂಬಳ ಕಡಿತವಾಯಿತು, ಪರೀಕ್ಷಾ ಕೆಲಸ ಬಹಿಷ್ಕರಿಸುವ ಮಾತು ಬಂತು. ಮಕ್ಕಳು ಬೀದಿಗಿಳಿದು ಮೆರವಣಿಗೆ ಮಾಡಿದರು. 2016ರಲ್ಲಿ ನಮ್ಮ ಪಿಯು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದಾಗ ಇಲ್ಲಿನ ತಂದೆತಾಯಿಯರು ಪಟ್ಟ ಆತಂಕ ನೆನಪಿದ್ದವರಿಗೆ ಅಲ್ಲಿನ ಆ ವಸಂತ ಹೇಗಿತ್ತೆಂದು ಊಹಿಸಲು ಕಷ್ಟವಿಲ್ಲ. ಕೇಳಿದ 30 ಸಿಗಲಿಲ್ಲ. ಸರ್ಕಾರಿ ನೌಕರರ ಸಂಬಳವನ್ನು ಖಾಸಗಿ ವಲಯದೊಂದಿಗೆ ತೂಗಿ ನೋಡಿದ ಮಂಡಳಿ 2002ರಲ್ಲಿ ಶಿಕ್ಷಕರಿಗೆ ಶೇ 13 ಕೊಟ್ಟಿತು. ಸಂಘ ಕೆಲವು ವರ್ಷ ಒಂಟಿಯಾಗಿದ್ದು ಮತ್ತೆ ಒಕ್ಕೂಟಕ್ಕೆ ಮರಳಿತು.

ಆ ಹೋರಾಟ ಒಂದು ಸಂಗತಿಯನ್ನು ಮಾತ್ರ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. ಒಂದು ಪೀರಿಯಡ್ ಮುಗಿದು ಇನ್ನೊಂದರ ಗಂಟೆ ಹೊಡೆಯುವ ನಡುವೆ, ಊಟದ ಹೊತ್ತಿನಲ್ಲಿ, ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಶಾಲೆಯ ಪಡಸಾಲೆಯಲ್ಲಿ ಯಾರೋ ಒಬ್ಬ ಮೇಷ್ಟ್ರು ನಿಂತಿರುತ್ತಾರೆ. ಮೆಟ್ಟಿಲ ಮೇಲೆ ನೂಕಾಟ ಶುರುವಾದರೆ ತಡೆಯುವವರು ಅವರು. ಅಳುತ್ತಾ ಮೂಲೆ ಸೇರಿದ ಹುಡುಗಿಯನ್ನು ಮಾತಾಡಿಸುವವರೂ ಅವರೇ. ಸಹೋದ್ಯೋಗಿ ರಜೆ ಹಾಕಿದ ದಿನ, ಇದ್ದ ಒಂದು ಲೀಜರ್ ಪೀರಿಯಡನ್ನೂ ಬಿಟ್ಟು ಅವರ ತರಗತಿಗೆ ಹೋಗಿ ಕೂರುವವರೂ ಅವರೇ. ತಿದ್ದದೆ ಉಳಿದ ನೋಟ್ ಪುಸ್ತಕಗಳ ಕಟ್ಟು ಹಾಗೇ ಮನೆಗೆ ಹೋಗುತ್ತದೆ. ಇದು ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ, ಇದಕ್ಕೆ ಬಿಡಿಗಾಸೂ ಇರಲಿಲ್ಲ. ಮೇಷ್ಟ್ರುಗಳ ಸದ್ಭಾವದ ಮೇಲೆ ನಡೆಯುತ್ತಿತ್ತು. ಎಎಸ್‌ಟಿಐ ಸದಸ್ಯರು ಈ ಮೇಲ್ವಿಚಾರಣೆಯ ಕೆಲಸ ನಿಲ್ಲಿಸಿದ್ದೇ ತಡ, ಮಕ್ಕಳ ಸುರಕ್ಷತೆಯ ಹೊಣೆ ಹೊರಲಾಗದೆ ಶಾಲೆಗಳು ಬಾಗಿಲು ಹಾಕಬೇಕಾಯಿತು. ಆಮೇಲೆ ಇದಕ್ಕೆ ಹಣ ಕೊಡುವ ವ್ಯವಸ್ಥೆಯಾಯಿತು. ಕಾಣದ ಕೆಲಸಕ್ಕೆ ಒಂದು ಲೆಕ್ಕ ಹುಟ್ಟಿದ್ದು ಸಣ್ಣ ಸಾಧನೆಯಲ್ಲ.

2008ರ ಆರ್ಥಿಕ ಕುಸಿತದ ನಂತರ ಬಂದದ್ದು ಪಂಕ್ತಿಭೇದ. 2011ರ ಜನವರಿ 1ರಿಂದ ಹೊಸದಾಗಿ ಸೇರುವವರಿಗೆ ಹಳಬರಿಗಿಂತ ಶೇ 10 ಕಡಿಮೆ ಸಂಬಳ. 2012ರಿಂದ ಹೊಸಬರಿಗೆ ಅರ್ಹತೆಯ ಭತ್ಯೆಗಳೂ ಇಲ್ಲ. ಅದೇ ಸ್ಟಾಫ್ ರೂಮು, ಅದೇ ಸಿಲೆಬಸ್, ಅದೇ 22 ಗಂಟೆಯ ವಾರದ ಪಾಠ. ಪಕ್ಕದ ಕುರ್ಚಿಯವರಿಗೆ ಬೇರೆ ಎಲೆ. ಪೂರ್ತಿ 22 ಗಂಟೆ ಸಿಗದೆ ಹತ್ತೋ ಹದಿನೈದೋ ಗಂಟೆಗಳ ಒಪ್ಪಂದದಲ್ಲಿ ಒದ್ದಾಡುವ ಎಳೆಯ ಶಿಕ್ಷಕರಿಗೆ ಈ ಪೆಟ್ಟು ಇನ್ನೂ ಜೋರಾಗಿ ಬಿತ್ತು. ನಮ್ಮಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಸೇವೆಗೆ ಸೇರಿದವರು ಹಳೆಯ ಪಿಂಚಣಿಯಿಂದ ಹೊರಗುಳಿದು ಎನ್‌ಪಿಎಸ್‌ಗೆ ಬಿದ್ದ ಮೇಲೆ, ಒಂದೇ ಶಾಲೆಯ ಇಬ್ಬರು ಮೇಷ್ಟ್ರ ಮುಪ್ಪು ಬೇರೆ ಬೇರೆಯಾಯಿತಲ್ಲ, ಆ ನೋವೂ ಇದೇ ಜಾತಿಯದು.

ಇಂಥ ಹೊತ್ತಿನಲ್ಲಿ ಸಂಘಗಳು ಕಿರಿಯರನ್ನು ಬಲಿಕೊಟ್ಟು ಹಿರಿಯರನ್ನು ಉಳಿಸಿಕೊಂಡವು ಎಂಬ ಆರೋಪ ಬಂತು, ಅದರಲ್ಲಿ ಹುರುಳಿತ್ತು. ಎಎಸ್‌ಟಿಐ ಅದನ್ನು ತೊಳೆದುಕೊಳ್ಳಲು ಹೊರಟಿತು. ಬಿಕ್ಕಟ್ಟಿನ ಒಪ್ಪಂದದಲ್ಲಿ ಶಿಕ್ಷಕರ ಮೇಲೆ ಹೇರಿದ್ದ ವರ್ಷಕ್ಕೆ 33 ಹೆಚ್ಚುವರಿ ಗಂಟೆಗಳ ಕೆಲಸವನ್ನು 2016ರಲ್ಲಿ ನಿಲ್ಲಿಸಿತು. ಸರ್ಕಾರ ತಿರುಗೇಟು ಕೊಟ್ಟು, ಮೇಲ್ವಿಚಾರಣೆಗೆ ಸಲ್ಲಬೇಕಿದ್ದ ಹಣವೂ ಸೇರಿದಂತೆ ಒಪ್ಪಂದದ ಲಾಭಗಳನ್ನು ತಡೆಹಿಡಿಯಿತು. ಅಕ್ಟೋಬರ್ 27ರಂದು ಸಮಾನ ವೇತನಕ್ಕಾಗಿ ಮುಷ್ಕರವಾಯಿತು. ನವೆಂಬರ್ ಆರಂಭದಲ್ಲಿ ಸದಸ್ಯರು ಮೇಲ್ವಿಚಾರಣೆ ಬಿಟ್ಟಾಗ ನೂರಾರು ಶಾಲೆಗಳು ಮುಚ್ಚಿದವು. ಇಪ್ಪತ್ತು, ಮೂವತ್ತು ವರ್ಷ ಸೇವೆಯಾದ, ಈ ಬೇಡಿಕೆಯಿಂದ ಒಂದು ಯೂರೋ ಕೂಡ ಸಿಗದ ಹಿರಿಯ ಮೇಷ್ಟ್ರುಗಳು ಗೇಟಿನ ಮುಂದೆ ನಿಂತರು. ತಮ್ಮ ಸಂಬಳ ಕಳೆದುಕೊಂಡು ಕಿರಿಯರ ಸಂಬಳಕ್ಕಾಗಿ ನಿಂತ ಆ ದಿನಗಳನ್ನೇ ನಾನು ಈ ಸಂಘದ ಅತ್ಯುತ್ತಮ ದಿನಗಳೆಂದು ಎಣಿಸುತ್ತೇನೆ. 2017ರ ಜೂನಿನಲ್ಲಿ ಹೋರಾಟವನ್ನು ಅಮಾನತಿನಲ್ಲಿ ಇಡಬೇಕಾಯಿತು. ಆದರೆ ಅಂತರ ಮುಂದಿನ ವರ್ಷಗಳಲ್ಲಿ ಹಂತ ಹಂತವಾಗಿ ಕಿರಿದಾಗುತ್ತಾ ಬಂತು.

ಸಂಬಳಕ್ಕಿಂತಲೂ ಆಳವಾಗಿ ಸಂಘವನ್ನು ಕಲಕಿದ್ದು ಪರೀಕ್ಷೆಯ ಪ್ರಶ್ನೆ. ಐರ್ಲೆಂಡಿನ ಮಕ್ಕಳು ಆಗ ಹದಿನೈದರ ಹೊತ್ತಿಗೆ ಜೂನಿಯರ್ ಸರ್ಟ್, ಶಾಲೆ ಬಿಡುವಾಗ ಲೀವಿಂಗ್ ಸರ್ಟ್ ಬರೆಯುತ್ತಿದ್ದರು. ಎರಡೂ ಸರ್ಕಾರಿ ಪರೀಕ್ಷೆಗಳು. ಉತ್ತರ ಪತ್ರಿಕೆಯ ಮೇಲೆ ಬರೀ ಸಂಖ್ಯೆ, ತಿದ್ದುವವರು ಬೇರೆಲ್ಲೋ ಇರುವ ಅಪರಿಚಿತರು. ನಮ್ಮ ಎಸ್ಸೆಸ್ಸೆಲ್ಸಿ ಬಂಡಲುಗಳು ಬೇರೆ ಊರಿನ ಮೌಲ್ಯಮಾಪನ ಕೇಂದ್ರಕ್ಕೆ ಹೋಗುವ ಹಾಗೆಯೇ. 2012ರ ಅಕ್ಟೋಬರಿನಲ್ಲಿ ಸಚಿವ ರೋರಿ ಕ್ವಿನ್, ಜೂನಿಯರ್ ಸರ್ಟ್ ರದ್ದು, ಇನ್ನು ಮುಂದೆ ಶಾಲೆಯ ಶಿಕ್ಷಕರೇ ತಮ್ಮ ಮಕ್ಕಳಿಗೆ ಅಂಕ ಹಾಕಲಿ ಎಂದರು. ಹದಿನೈದು ವರ್ಷದ ಮಗುವಿಗೆ ಇಷ್ಟು ದೊಡ್ಡ ಪರೀಕ್ಷೆ ಯಾಕೆ, ಬಾಯಿಪಾಠ ಯಾಕೆ ಎಂಬ ಅವರ ಮಾತಿನಲ್ಲಿ ಸತ್ಯವಿತ್ತು.

ಎಎಸ್‌ಟಿಐ ಮತ್ತು ಟಿಯುಐ ಎರಡೂ ಬೇಡ ಎಂದವು. 2014ರ ಡಿಸೆಂಬರ್ 2 ಮತ್ತು 2015ರ ಜನವರಿ 22ರಂದು ಜೊತೆಯಾಗಿ ಮುಷ್ಕರ ಹೂಡಿದವು. ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಹೇಳಿದವರು ಬಹಳ. ಆದರೆ ಐರ್ಲೆಂಡಿನ ಸಣ್ಣ ಊರೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರಿಗೊಂದೇ ಹೈಸ್ಕೂಲು, ಮೇಷ್ಟ್ರ ಮನೆಗೆ ದಿನಸಿ ಕೊಡುವ ಅಂಗಡಿಯವರ ಮಗಳೂ, ಆಡಳಿತ ಮಂಡಳಿಯ ಸದಸ್ಯರ ಮಗನೂ ಅದೇ ತರಗತಿಯಲ್ಲಿ. ಅಂಕಪಟ್ಟಿಯ ಕೆಳಗೆ ಮೇಷ್ಟ್ರ ಸಹಿ. ಇವತ್ತಿನವರೆಗೆ ಪರೀಕ್ಷೆಯೆಂಬ ಎದುರಾಳಿಯ ಮುಂದೆ ಮಗುವಿನ ಪಕ್ಕ ನಿಂತಿದ್ದ ಮೇಷ್ಟ್ರು ನಾಳೆಯಿಂದ ತೀರ್ಪು ಕೊಡುವವನಾಗುತ್ತಾನೆ. ಎಸ್ಸೆಸ್ಸೆಲ್ಸಿಯ 20 ಆಂತರಿಕ ಅಂಕಗಳಲ್ಲಿ ಒಂದೆರಡು ಕಡಿಮೆ ಹಾಕುವುದೂ ಎಷ್ಟು ಇಕ್ಕಟ್ಟಿನ ಕೆಲಸವೆಂದು ನಮ್ಮ ಯಾವ ಹೈಸ್ಕೂಲ್ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.

ಕೊನೆಗೆ ರಾಜಿಯಾಯಿತು. ಅಂತಿಮ ಪರೀಕ್ಷೆ ಸರ್ಕಾರದ್ದೇ, ತಿದ್ದುವವರು ಹೊರಗಿನವರೇ. ತರಗತಿಯ ಚಟುವಟಿಕೆಗಳನ್ನು ಶಿಕ್ಷಕರು ಅಳೆಯುತ್ತಾರೆ, ಅದರ ಷರಾ ಬೇರೆಯಾಗಿ ದಾಖಲಾಗುತ್ತದೆ. ಟಿಯುಐ 2015ರಲ್ಲೇ ಒಪ್ಪಿತು. ಮುಖ್ಯ ಬೇಡಿಕೆ ಗೆದ್ದ ಮೇಲೂ ಎಎಸ್‌ಟಿಐ 2017ರವರೆಗೆ ಅಸಹಕಾರ ಮುಂದುವರಿಸಿದ್ದು ಸರಿಯಲ್ಲ. 2017ರಲ್ಲಿ ಹೊಸ ಮಾದರಿಯ ಇಂಗ್ಲಿಷ್ ಪರೀಕ್ಷೆ ಮೊದಲ ಬಾರಿ ಬಂದಾಗ, ತರಗತಿ ಚಟುವಟಿಕೆಗೆ ಜೋಡಿಸಿದ್ದ ಶೇ 10 ಅಂಕ ಎಎಸ್‌ಟಿಐ ಶಿಕ್ಷಕರ ಮಕ್ಕಳಿಗೆ ತಪ್ಪಿಹೋಗುವ ಭೀತಿ ಹುಟ್ಟಿತ್ತು. ಮಗುವಿನ ಪರ ನಿಲ್ಲುತ್ತೇವೆಂದು ಶುರುವಾದ ಹೋರಾಟ ಮಗುವಿನ ಅಂಕದ ಮೇಲೆ ಬಂದು ನಿಲ್ಲಬಾರದಿತ್ತು.

ಇದಾಗಿ ಮೂರೇ ವರ್ಷಕ್ಕೆ ಕೊರೊನಾ ಬಂತು. 2020ರ ಮೇ 8ರಂದು ಲೀವಿಂಗ್ ಸರ್ಟ್ ಲಿಖಿತ ಪರೀಕ್ಷೆಗಳು ನಡೆಯುವುದಿಲ್ಲವೆಂದು ಸರ್ಕಾರ ಘೋಷಿಸಿತು. ತಮ್ಮ ವಿದ್ಯಾರ್ಥಿ ಪರೀಕ್ಷೆ ಬರೆದಿದ್ದರೆ ಎಷ್ಟು ಅಂಕ ತೆಗೆಯುತ್ತಿದ್ದ ಎಂದು ಶಿಕ್ಷಕರೇ ಅಂದಾಜು ಮಾಡಬೇಕು, ಅದನ್ನು ಇಲಾಖೆ ಹೊಂದಿಸಿ ಗ್ರೇಡ್ ಕೊಡುತ್ತದೆ. ವರ್ಷಗಟ್ಟಲೆ ಯಾವುದನ್ನು ಬೇಡವೆಂದಿದ್ದರೋ ಅದೇ ಕೆಲಸ, ಅದೂ ಮಕ್ಕಳ ಕಾಲೇಜು ಪ್ರವೇಶವನ್ನು ನಿರ್ಧರಿಸುವ ಪರೀಕ್ಷೆಗೆ. ಎಎಸ್‌ಟಿಐ ಬೆನ್ನು ತಿರುಗಿಸಲಿಲ್ಲ. ಯಾರಾದರೂ ಕೋರ್ಟಿಗೆ ಹೋದರೆ ಶಿಕ್ಷಕರನ್ನು ಕಾಪಾಡುವ ಹೊಣೆ ಸರ್ಕಾರದ್ದು ಎಂಬ ಭರವಸೆ ಕೇಳಿ ಪಡೆಯಿತು, ತಂದೆತಾಯಿಯರು ಅಂಕಕ್ಕಾಗಿ ಶಿಕ್ಷಕರನ್ನು ಸಂಪರ್ಕಿಸಬಾರದೆಂಬ ಕಟ್ಟುನಿಟ್ಟಿನ ಸೂಚನೆ ಹೊರಟಿತು, ಮೇಷ್ಟ್ರುಗಳು ಮನೆಯಲ್ಲೇ ಕೂತು ಆ ಕೆಲಸ ಮುಗಿಸಿಕೊಟ್ಟರು. ತಾವು ಇಷ್ಟು ದಿನ ಹೇಳುತ್ತಿದ್ದ ಕಷ್ಟ ಎಂಥದೆಂದು ಆ ಬೇಸಿಗೆಯಲ್ಲಿ ಪ್ರತಿ ಶಿಕ್ಷಕನ ಅನುಭವಕ್ಕೂ ಬಂತು.

ಈಗಿನ ಜಗ್ಗಾಟ ಲೀವಿಂಗ್ ಸರ್ಟ್ ಸುಧಾರಣೆಯದು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದಂಥ ವಿಷಯಗಳಲ್ಲಿ ಕನಿಷ್ಠ ಶೇ 40 ಅಂಕ ಲಿಖಿತ ಪರೀಕ್ಷೆಯ ಆಚೆ, ವಿದ್ಯಾರ್ಥಿ ತಿಂಗಳುಗಟ್ಟಲೆ ಮಾಡುವ ಪ್ರಾಜೆಕ್ಟಿಗೆ. ತಿದ್ದುವವರು ಹೊರಗಿನವರೇ ಆದರೂ, ಇದು ಈ ಹುಡುಗನದ್ದೇ ಕೆಲಸ ಎಂದು ದೃಢೀಕರಿಸಬೇಕಾದವರು ತರಗತಿಯ ಶಿಕ್ಷಕರು. ಪ್ರಯೋಗಾಲಯ ಚೆನ್ನಾಗಿರುವ ಶಾಲೆಯ ಮಗುವಿಗೂ ಒಂದೆರಡು ಹಳೆಯ ಬೆಂಚುಗಳಿರುವ ಶಾಲೆಯ ಮಗುವಿಗೂ ಅದೇ 40. ಜೊತೆಗೆ ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಎಐ ಈಗ ಪ್ರತಿ ಮಗುವಿನ ಫೋನಿನಲ್ಲಿದೆ. ಸುಧಾರಣೆಗೆ ಬೆಂಬಲವಾಗಿ ಸರ್ಕಾರ ಮುಂದಿಟ್ಟ ಕ್ರಮಗಳನ್ನು 2025ರಲ್ಲಿ ಟಿಯುಐ ಸದಸ್ಯರು ಮತ ಹಾಕಿ ಒಪ್ಪಿದರು, ಎಎಸ್‌ಟಿಐ ಸದಸ್ಯರು ಮತ ಹಾಕಿ ತಿರಸ್ಕರಿಸಿದರು. ಹೊಸ ಪಠ್ಯಕ್ರಮದ ಮೊದಲ ಕಂತು ಆ ಸೆಪ್ಟೆಂಬರಿನಲ್ಲೇ ತರಗತಿಗೆ ಬಂತು. ಅದರ ಅಡಿಯಲ್ಲಿ ಓದಲು ಶುರುಮಾಡಿದ ಮಕ್ಕಳು ಅಂತಿಮ ಪರೀಕ್ಷೆಗೆ ಕೂರುವುದು 2027ರಲ್ಲಿ.